ಕರುಳಿನ ತಂತಿ

ಕ್ಯಾಂಪಿನ ಹೈಸ್ಟ್ರೀಟಿನಲ್ಲಿ, ಬೇಕರಿ ಪಕ್ಕದ ಸಂದಿಯೊಳಗೆ
ಜೈತುನಬಿ ರ‍್ಯಾಕೆಟ್ಟಿಗೆ ಕರುಳು ಹೆಣೆಯುತ್ತಿದ್ದಳು.
ಕುರಿಯ ಕರುಳು. ಬಿಗಿದು ಮೀಟಿದರೆ
ಏಕತಾರಿಯ ಹಾಗೆ ಅನ್ನುತ್ತಿತ್ತು.
ಕಿವಿಯೇ ಅವಳ ತಕ್ಕಡಿ.

ಎಪ್ಪತ್ತೆರಡರ ಚಳಿ. ಮಿರಜದಲ್ಲಿ ಗಾಡಿ ಬದಲಿಸಿ
ಬೆಳಗಾವಿಗೆ ಬಂದಿಳಿದಳು, ದುಡ್ಡಿಗೆ ಆಡುವ ಬಿಳಿ ಹೆಂಗಸು.
ಎರಡೇ ದಿನದ ಪ್ರದರ್ಶನ, ಕ್ಲಬ್ಬಿನ ಕೆಂಪು ಮಣ್ಣು,
ಮೊದಲ ಸಂಜೆಯೇ ತಂತಿ ಹರಿಯಿತು.

ಚೆಂಡು ಹೆಕ್ಕುವ ಹುಡುಗಿ ನಾನು. ಆ ಸಂದಿಗೆ ಕರೆದೊಯ್ದೆ.
ನಡುವಿನ ಮಾತೂ ನನ್ನದೇ,
ಕಾನ್ವೆಂಟಿನ ಹರಕು ಇಂಗ್ಲಿಷು.
"ಗೆದ್ರ ಏನ್ ಕೊಡ್ತಾರಂತ ಕೇಳವಾ."
ಗಂಡಸರಿಗೆ ಕೊಡುವುದರಲ್ಲಿ ಕಾಲುಪಾಲು, ಎಂದಳಾಕೆ,
ಬೆರಳಿನಿಂದ ಗಾಳಿಯಲ್ಲಿ ರೊಟ್ಟಿ ಹರಿದು ತೋರಿಸುತ್ತ.

ಜೈತುನಬಿ ದಬ್ಬಣ ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕಳು:
"ಇದs ಕೆಲಸಕ್ಕ ನನ್ನ ಮೈದುನಗ ಎಂಟು ರೂಪಾಯಿ, ನನಗ ಮೂರು.
ಅಕೀಕಿಂತ ನಾನs ಚಲೋ ಅದೇನಿ, ಹೇಳು."
ಹೇಳಲಿಲ್ಲ. ಹ್ಯಾಗೆ ಹೇಳೋದು?

ಕತ್ತಲಾಗುವ ತನಕ ಹೆಣೆದಳು.
ಆಕೆ ರ‍್ಯಾಕೆಟ್ಟನ್ನು ಕಿವಿಗಿಟ್ಟು ಒಮ್ಮೆ ಮೀಟಿದಳು,
ಇವಳ ಮುಖ ನೋಡಿದಳು, ಮತ್ತೊಮ್ಮೆ ಮೀಟಿದಳು.
ಮರುದಿನ ಸೋತಳು ನಿಜ, ತಂತಿಯೇನೂ ಹರಿಯಲಿಲ್ಲ.

ಅಂದು ಹತ್ತರ ನೋಟು ಕೊಟ್ಟಿದ್ದಳು.
ಜೈತುನಬಿ ಸೆರಗಿನ ಗಂಟು ಬಿಚ್ಚಿ
ಎರಡು ರೂಪಾಯಿ ಎಣಿಸಿ ಹಿಂದೆ ಕೊಟ್ಟಳು.