ಮಂಚದ ರೇಖಾಗಣಿತ

ಟಿಬಿಲಿಸಿಯಲ್ಲಿ ಆ ಚಳಿಗಾಲ
ಗ್ಯಾಸು ಬರಲಿಲ್ಲ, ಕರೆಂಟು ಬರಲಿಲ್ಲ.
ಬಂದದ್ದು ಒಂದು ನಾಯಿ.

ಬ್ರೆಡ್ಡಿನ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿತ್ತು
ಬೆಳಗಿನ ಜಾವ ಮೂರರಿಂದ,
ತನ್ನ ಹೆಸರಲ್ಲೂ ಒಂದು ಚೀಟಿ ಇದೆ ಎಂಬಂತೆ.
ಏಳಕ್ಕೆ ಅಂಗಡಿಯವ ಕದ ಅರ್ಧ ತೆರೆದು
'ಮುಗೀತು' ಅಂದ.
ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಬರಿಗೈಯವಳ ಹಿಂದೆ ಬರುವ ನಾಯಿಗೆ
ಬೇಡ ಅನ್ನುವುದು ಹೇಗೆ?
ರಿಗಿ ಅಂತ ಹೆಸರಿಟ್ಟೆವು.
ನಮ್ಮಲ್ಲಿ ರಿಗಿ ಅಂದರೆ ಸಾಲು.

ಗಂಡ ಶಾಲ್ವಾ ರೇಖಾಗಣಿತದ ಮೇಷ್ಟ್ರು.
ಶಾಲೆ ಮುಚ್ಚಿತ್ತು, ಮೇಷ್ಟ್ರು ಮುಚ್ಚಿರಲಿಲ್ಲ.
'ಅಡುಗೆಮನೆಯಲ್ಲಿರಲಿ' ಅಂದ, ಮೊದಲ ರಾತ್ರಿ.
ಬಕೆಟ್ಟಿನ ನೀರು ಕಲ್ಲಾದ ರಾತ್ರಿ
'ಸರಿ, ಕಾಲ ಬುಡದಲ್ಲಿ. ರಗ್ಗಿನ ಮೇಲೆ ಮಾತ್ರ.'
ಅದರ ಮರುರಾತ್ರಿ
ಅವನ ಪಾದಗಳೇ ತಡಕಾಡಿಕೊಂಡು ಹೋಗಿ
ನಾಯಿಯ ಹೊಟ್ಟೆಯ ಕೆಳಗೆ ಸೇರಿಕೊಂಡವು.
ಬಾಯಿ ಏನೂ ಹೇಳಲಿಲ್ಲ.

ಆಮೇಲೆ ಬೆಕ್ಕುಗಳು.
ಎದುರುಮನೆಯ ಎತೇರಿ ಗ್ರೀಸಿಗೆ ಹೊರಟಳು
ಯಾರದೋ ತಾಯಿಯನ್ನು ನೋಡಿಕೊಳ್ಳುವ ಕೆಲಸಕ್ಕೆ.
ಬೀಗದ ಕೈ ಕೊಟ್ಟಳು, ಅರ್ಧ ಬಾಟಲಿ ಸೀಮೆಎಣ್ಣೆ,
ಮತ್ತೆ ಇವೆರಡು.
'ವಸಂತಕ್ಕೆ ಬಂದುಬಿಡ್ತೀನಿ' ಅಂದಳು.
ಯಾವ ವಸಂತ ಅಂತ ನಾನು ಕೇಳಲಿಲ್ಲ.

ಬೂದಿ ಬಣ್ಣದ್ದು ನನ್ನ ಕಂಕುಳಿಗೆ.
ಒಕ್ಕಣ್ಣಿನದು ಶಾಲ್ವಾನ ನೆತ್ತಿಗೆ,
ಅವನ ಬೋಳುತಲೆಗೆಂದೇ ಹೆಣೆದ ಟೋಪಿ.
'ಒಂದು ಆಯತ, ಐದು ಜೀವ,
ತಲೆಗೆಷ್ಟು ಬರುತ್ತೆ ಗೊತ್ತಾ ನಿನಗೆ?'
ಸೀಮೆಸುಣ್ಣ ತಂದು ಚಾದರದ ಮೇಲೆ ಗೆರೆ ಎಳೆದ.
ಬೆಳಗಾಗುವಷ್ಟರಲ್ಲಿ
ಗೆರೆ ನಾಯಿಯ ಮೈಮೇಲಿತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಾವು ಚಾಚಿದ್ದು ನಾಯಿ ಬಿಟ್ಟಷ್ಟು.

ಚಿಗಟ ಇದ್ದವು, ಸುಳ್ಳು ಯಾಕೆ.
ಒದ್ದೆ ಉಣ್ಣೆಯ ವಾಸನೆ, ಯಾರದೋ ಕನಸಿನ ಒದೆತ,
ಮೂಗಿನ ತುದಿಗೆ ಬಾಲ.
ಆದರೆ ಇಡೀ ಬೀದಿಯಲ್ಲಿ
ನಿಲ್ಲದೆ ಓಡುತ್ತಿದ್ದ ಯಂತ್ರವೆಂದರೆ
ನನ್ನ ಕಂಕುಳಲ್ಲಿ ಗುರುಗುಡುತ್ತಿದ್ದ ಅದೊಂದೇ.

ಜನವರಿಯಲ್ಲಿ ನಾನು ಮಾತು ಬಿಟ್ಟೆ.
ನನ್ನ ಪಿಯಾನೋದ ಮುಚ್ಚಳವನ್ನು ಅವನು ಒಲೆಗೆ ಹಾಕಿದ್ದ.
ಕೇಳಲಿಲ್ಲ, ಹಾಕಿದ. ಚೆನ್ನಾಗಿ ಉರಿಯಿತು.
ನಾನೂ ಕೈ ಕಾಯಿಸಿಕೊಂಡೆ,
ಅದೇ ನನಗೆ ತಡೆಯಲಾಗದ್ದು.

ಹತ್ತೊಂಬತ್ತು ದಿನ.
ಒಂದು ರಾತ್ರಿ ಸೇತುವೆಯ ಕಡೆ ಗುಂಡು ಹಾರಿತು.
ಮೊದಲು ಎದ್ದದ್ದು ರಿಗಿಯ ಕಿವಿ, ನನ್ನ ಗಲ್ಲಕ್ಕೆ ತಾಗಿ.
ಮತ್ತೆ ಅದರ ಎದೆ,
ಚೀಲದಲ್ಲಿ ಕಟ್ಟಿದ ಕೋಳಿಯ ಹಾಗೆ.
ಸಮಾಧಾನ ಮಾಡಲೆಂದು ಕೈಯಿಟ್ಟೆ.
ಅಲ್ಲಿ ಆಗಲೇ ಒಂದು ಕೈಯಿತ್ತು.
ಸೀಮೆಸುಣ್ಣ ಹಿಡಿದು ಒರಟಾದ ಬೆರಳು.
ನಾಯಿ ಮಲಗಿತು.
ಕೈಗಳು ಅಲ್ಲೇ ಇದ್ದವು.

ಈಗ ಗ್ಯಾಸಿದೆ. ಲೈಟು ಇದೆ, ಬಿಲ್ಲೂ ಇದೆ.
ರಿಗಿ ಅಂಗಳದ ಹಿಪ್ಪುನೇರಳೆಯ ಕೆಳಗೆ.
ಒಕ್ಕಣ್ಣಿ ಒಂದು ದಿನ ಮಾಡು ಹತ್ತಿದ್ದು ಇಳಿಯಲಿಲ್ಲ.
ಬೂದಿಯದು ಎತೇರಿ ಬರುವವರೆಗೂ ಇತ್ತು,
ಅವಳ ಗುರುತು ಹಿಡಿಯಲಿಲ್ಲ.
ಹೊಸ ಮಂಚ ತುಂಬ ಅಗಲ.
ಆದರೂ ಇಬ್ಬರೂ ಅಂಚಿನಲ್ಲೇ ಮಲಗುತ್ತೇವೆ,
ಮಂಡಿ ಮಡಿಸಿ, ನಡುವೆ ಒಂದು ನಾಯಿಯಷ್ಟು ಬಿಟ್ಟು.

ಕಳೆದ ವಾರ ಆಸ್ಪತ್ರೆಯಲ್ಲಿ
ಎಳೆಯ ಡಾಕ್ಟರಮ್ಮ ನನ್ನ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು
ಪೆನ್ನಿನ ತುದಿಯಲ್ಲಿ ತೋರಿಸಿದಳು:
'ಇಲ್ಲಿ ನೋಡಿ, ಬೆನ್ನು ಹೀಗೆ ಬಾಗಿದೆ.
ನೀವು ಮಲಗೋದಾದರೂ ಹೇಗೆ?'

ಶಾಲ್ವಾ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದ.
'ಇದು ವೃತ್ತದ ಕಂಸ' ಅಂದ. 'ಕೇಂದ್ರದಲ್ಲಿ ರಿಗಿ.'

'ಹೌದು ತಾತ' ಅಂದಳು ಅವಳು ಬಾಗಿಲ ಕಡೆ ನೋಡಿ,
'ಹೊರಗೂ ಇದೆ, ಉದ್ದಕ್ಕೆ.
ಸ್ವಲ್ಪ ಬೇಗ ಹೇಳಿ.'