ಹತ್ತು ನಿಮಿಷ ಹಸಿ ಇರಲಿ

ಮೊದಲು ಕೆರೀಬೇಕು ಅಂದ ವೈಜಿನಾಥ,
ದನದ ದವಾಖಾನಿ ಕಂಪೌಂಡರ್,
ಮಾಸ್ಕು ಗದ್ದಕ್ಕಿಳಿಸಿ.
ಹಿಕ್ಕಿ ಮ್ಯಾಲ ಬ್ಲೀಚಿಂಗ್ ಸುರದರ
ಹಿಕ್ಕೀನೇ ಎಲ್ಲಾ ಕುಡೀತದ,
ತೆಳಗ ರೋಗ ಬೆಚ್ಚಗ ಮಲಗಿರ್ತದ.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿ
ಖುರ್ಪಿ ಹಿಡದು ಕುಂತೀನಿ.
ಮೂವತ್ತೊಂದು ಕೋಳಿ ಕುಂತೆದ್ದ ಹಲಗಿ.
ಚೀಲದಾಗ ಹೋದವು ಇಪ್ಪತ್ತೊಂಬತ್ತು.
ಎರಡು ಮೊದಲೇ ಸತ್ತಿದ್ದವು, ತಿಪ್ಪಿಗೆ ಒಗದಿದ್ದೆ.
ಅದನ್ನ ಹೇಳಿದ ಮ್ಯಾಲೇ
ಬಂದವರೆಲ್ಲಾ ಒಂದು ಹೆಜ್ಜಿ ಹಿಂದ ಸರದರು.

ಆಮ್ಯಾಲ ಸೋಪಿನ ನೀರು.
ರೋಗಕ್ಕ ಕೊಬ್ಬಿನ ಅಂಗಿ ಇರ್ತದಂತ,
ಅರಬಿ ಒಗಿಯೋ ಪುಡಿಗೇ ಕರಗ್ತದಂತ.
ನಗಿ ಬಂತು:
ಹುಮನಾಬಾದ್ ರೋಡಿನ ಫಾರ್ಮಿಗೆಲ್ಲಾ ಬೀಗ ಹಾಕ್ಸಿದ್ದು
ಒಂದು ಜಿಡ್ಡಿನ ಅಂಗಿ.

ಹತ್ತು ಲೀಟರ್ ಬಕೀಟಿಗೆ ಮುನ್ನೂರು ಗ್ರಾಂ.
ಉಪ್ಪಿಗೆ ಎಂದೂ ತಪ್ಪದ ಕೈ ನಂದು,
ಇದಕ್ಕ ಕೈ ನಂಬಬ್ಯಾಡ ಅಂದ.
ಕಿರಾಣಿ ಮೆಹಬೂಬಸಾಬ ತೂಗಿಕೊಟ್ಟ,
ಚಿಲ್ಲರ ಕೈಯಾಗ ಕೊಡಲಿಲ್ಲ,
ಕಟ್ಟಿ ಮ್ಯಾಲಿಟ್ಟು ಬೆರಳಿಂದ ಸರಿಸಿದ.

ಪಾಯಖಾನಿ ಆಸಿಡ್ ಮಾತ್ರ ಇದರಾಗ ಕೂಡಿಸಬ್ಯಾಡ,
ಹೊಗಿ ಎದ್ದು ಉಸಿರೇ ಕಟ್ತದ.
ದಾಯಾದಿ ಇದ್ದಂಗ, ಅಂದೆ.
ಅವ ನಗಲಿಲ್ಲ. ಅವನ ಮನ್ಯಾಗ ಪಾಲಾಗಿ
ಇನ್ನಾ ತಿಂಗಳಾಗಿಲ್ಲ.

ಹಚ್ಚಿ ಹತ್ತು ನಿಮಿಷ ಹಸಿ ಇರಲಿ,
ಒಣಗಿದರ ಮತ್ತ ಹಚ್ಚು.
ಚಿಟಗುಪ್ಪದ ಬಿಸಲಾಗ
ಹತ್ತು ನಿಮಿಷ ಯಾವುದು ಹಸಿ ಇರ್ತದೋ ಯಪ್ಪಾ!
ಆರಕ್ಕ ಬೆಳ್ಳಗ ಹೊಟ್ಟೆದ್ದಿತು. ಹಚ್ಚಿದೆ.
ಏಳಕ್ಕ. ಮತ್ತ ಹಚ್ಚಿದೆ.
ನೀರು ಸಿಡಿದ ಕಾಲುಂಗುರ ನೋಡಿದರ
ಬೆಳ್ಳಿ ಕರ್ರಗ,
ಕುಳ್ಳಿನ ಬೂದಿ ತಿಕ್ಕಿದರೂ ಹೋಗವಲ್ದು.

ಅಷ್ಟರಾಗ ಹಲಗಿ ಹಿಂದ,
ಒಡಕು ಮರದಾಗ,
ಒಂದು ತತ್ತಿ.
ಕುಂಟಿಯದು. ಅದಕ್ಕೊಂದಕ್ಕೇ
ಗುಟ್ಟಾಗಿ ಇಡೋ ಚಟ.
ತಪ್ಪಿದ್ದ ಲೆಕ್ಕ, ತಣ್ಣಗ.

ಮೊದಲಾದರ ಕಿವಿಗೆ ಹಿಡದು ಅಲುಗಿಸ್ತಿದ್ದೆ.
ಮೊಮ್ಮಗಳು ಬಾಗಿಲಿಂದ
ಆಯಿ, ಏನದು? ಅಂದಳು.
ಒಳಗ ಹೋಗು ಅಂದೆ,
ಸೊಸಿಗೂ ಎಂದೂ ಒದರದ ದನೀಲೆ.

ಹಿತ್ತಲ ಕೆಂಪು ಮಣ್ಣಾಗ ತೋಡಿದ ಕುಣಿ,
ಅರ್ಧ ಸುಣ್ಣ.
ಒಗೀಲಿಲ್ಲ.
ಬಗ್ಗಿ, ಇಟ್ಟೆ.
ಮ್ಯಾಲ ಇನ್ನೊಂದು ಬೊಗಸಿ ಸುಣ್ಣ ಹಾಕಿದೆ,
ಮಣ್ಣು ಎಳದೆ.

ಮೊಣಕೈ ತನಕ ಸೋಪು ಹಚ್ಚಿ ಕೈ ತೊಳಕೊಂಡು ಬಂದರ
ಹಲಗಿ ಒಣಗಿತ್ತು.

ಮತ್ತ ಹಚ್ಚಿದೆ.