ನೀರ್ಗಲ್ಲಿನ ಮೇಲೆ ಕೆಮ್ಮಿದವನು

ಶಾಲೆಯ ಬಸ್ಸು ಓಡಿಸುವವನು ನಾನು.
ಅಂದು ಕೈಗೆ ಕೊಟ್ಟದ್ದು ಬೈರಿಗೆ.
ವರ್ಟ್ಸ್ಯಾರ್ವ್ ಸರೋವರ, ಫೆಬ್ರವರಿಯಲ್ಲಿ
ಮೊಳ ದಪ್ಪದ ನೀರ್ಗಲ್ಲು.
ಕೊರೆದೆ. ಕಪ್ಪು ನೀರು
ಇಣುಕಿ, ಚಳಿಗೆ ಅಲ್ಲೇ ನಿಂತಿತು.

ಟಾರ್ಟುವಿನಿಂದ ಬಂದ ಉರ್ವೆ
ಸದ್ದಿನಲ್ಲಿ ಚಿತ್ರ ಬರೆಯುತ್ತಾಳಂತೆ.
ಕೋಟಿನ ಗುಂಡಿಯಷ್ಟು ಮೈಕು
ಇಳಿಬಿಟ್ಟಳು, ಗಾಳ ಹಾಕಿದ ಹಾಗೆ.
"ಮೊದಲು ಕೇಳಿ,
ಸುಳ್ಳು ಆಮೇಲೆ ಸೇರಿಸುವಿರಂತೆ."

ಹನ್ನೊಂದು ಮಕ್ಕಳಿಗೆ ನಾಲ್ಕು ಹೆಡ್‌ಫೋನು.
ಟೋಪಿ ಸರಿಸಿದ ಕಿವಿ ಕೆಂಪು ಕೆಂಪು.
ಟ್ಯೂಂ... ಅಂದಿತು ಅಡಿಯಲ್ಲಿ. ಆಮೇಲೆ ಕಿರ್ರ್.
"ಯಾರೋ ಬೀರು ಎಳೀತಿದ್ದಾರೆ" ಅಂದಳು ಲೀಸು.
"ಅಲ್ಲ, ಮೀನಿಗೆ ಹಲ್ಲುನೋವು" ಅಂದ ಓಟ್.
ಮಾತೇ ಆಡದ ಕೈಡಿ
ಸರದಿ ಮುಗಿದರೂ ಹೆಡ್‌ಫೋನು ಬಿಡಲೊಲ್ಲಳು.

ಶುಕ್ರವಾರ ದೀಪ ಆರಿಸಿ
ಕಥೆ ಕೇಳಿಸಿದರು ತರಗತಿಯಲ್ಲಿ.
ಬಸ್ಸಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದೆ.
ಬಿರುಕೊಂದು ಓಡಿತು, ಗುಳ್ಳೆಗಳೆದ್ದವು, ನಡುವೆ
ಖೊಕ್ ಖೊಕ್.
ಅಯ್ಯೋ, ನನ್ನದೇ ಕೆಮ್ಮು!

"ನಮ್ಮ ಆಕಾಶದಾಚೆ ಒಬ್ಬ ದೈತ್ಯ"
(ಮೀನಾಗಿ ಹೇಳುತ್ತಿದ್ದವಳು ಕೈಡಿ,
ಅಷ್ಟುದ್ದ ಅವಳ ದನಿ ನಾನೆಂದೂ ಕೇಳಿರಲಿಲ್ಲ)
"ಅವನಿಗೆ ನೆಗಡಿ. ಆಕಾಶಕ್ಕೇ ತೂತು ಕೊರೆದು
ಬಿಸಿನೀರು ಬೇಡುತ್ತಿದ್ದಾನೆ.
ನಮ್ಮಲ್ಲೆಲ್ಲಿದೆ ಬಿಸಿನೀರು?"

ಸಂಜೆ ಬಸ್ಸಲ್ಲಿ ಎಲ್ಲರದೂ ಒಂದೇ ಹಟ:
ಇನ್ನೊಮ್ಮೆ ಕೆಮ್ಮಿ, ಇನ್ನೊಮ್ಮೆ!
ಬೇಕೆಂದಾಗ ಬಾರದು ಹಾಳು ಕೆಮ್ಮು.

ಕೊನೆಯ ನಿಲ್ದಾಣ. ಕೈಡಿ ಇಳಿಯಲಿಲ್ಲ.
ಥರ್ಮಾಸಿನ ಮುಚ್ಚಳಕ್ಕೆ ಅರ್ಧ ಬಿಸಿನೀರು ಬಗ್ಗಿಸಿ
ನಾನು ಕುಡಿದು ಮುಗಿಸುವ ತನಕ
ಮೆಟ್ಟಿಲ ಮೇಲೆ ನಿಂತಿದ್ದಳು,
ಏನೂ ಹೇಳದೆ.